ಅಂಡಮಾನಿನ ಎಲೆ, ಸಿಂಧನೂರಿನ ಬಿಸಿಲು

ಜ್ಞಾನಕ್ಕೆ ದೂರವೆಂಬುದಿಲ್ಲ, ತಿಳಿದೇ ತೀರುತ್ತೇನೆಂದು ಹಟ ಹಿಡಿದವನಿಗೆ ಸಮುದ್ರವೂ ಮನೆ ಮುಂದಿನ ಗಟಾರದಷ್ಟೇ ಅಗಲ. ಇದು ಗಂಭೀರವಾಗಿ ಯೋಚಿಸಬೇಕಾದ ಮಾತು. ಆದರೆ ಸಿಂಧನೂರಿನ ಅಂಚೆಯವರು ಇದನ್ನು ಪೂರ್ತಿ ಒಪ್ಪುತ್ತಿರಲಿಲ್ಲ. ಜ್ಞಾನಕ್ಕೆ ದೂರ ಇಲ್ಲದಿರಬಹುದು, ವಾಸನೆಯಂತೂ ಇದೆ ಎಂಬುದು ಅವರ ಅನುಭವ. ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮಾಸ್ತರರಿಗೆ ಅಂಡಮಾನಿನಿಂದ ಬರುತ್ತಿದ್ದ ಪಾರ್ಸಲ್ಲನ್ನು ಪೋಸ್ಟ್‌ಮ್ಯಾನ್ ಸೈಕಲ್ಲಿಗೆ ಕಟ್ಟಿಕೊಳ್ಳದೆ, ಹುರಿಯ ತುದಿ ಹಿಡಿದು, ಮೈಗೆ ತಾಗದಂತೆ ತೋಳು ಚಾಚಿ, ನಡೆದೇ ತರುತ್ತಿದ್ದ. ಸತ್ತ ಇಲಿಯನ್ನು ಬಾಲ ಹಿಡಿದು ಒಯ್ಯುವವರ ನಡಿಗೆ ಅದು.

ಮಾಸ್ತರರು ಹೋದ ತಿಂಗಳು ಮಸ್ಕಿಯಲ್ಲಿ ತೀರಿಕೊಂಡರು. ಸಂತಾಪ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ, ಅವರು ಅಂಡಮಾನಿನ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದು ಸಂಶೋಧನೆ ಮಾಡಿದರೆಂದು ಹೇಳಿದ. ಎಂಥ ಸಭೆಯೆಂಬುದನ್ನು ಮರೆತು ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಇಂಥಲ್ಲಿ ಎದ್ದು ನಿಂತು ತಿದ್ದುಪಡಿ ಸೂಚಿಸುವುದು ಸರಿಯಲ್ಲವೆಂದು ಸುಮ್ಮನೆ ಕೂತೆ. ಇಲ್ಲಿ ಹೇಳುತ್ತೇನೆ: ಮಾಸ್ತರರು ಅಂಡಮಾನಿರಲಿ, ಸಮುದ್ರವನ್ನೇ ನೋಡಿರಲಿಲ್ಲ. ಅವರು ಕಂಡ ಅತಿ ದೊಡ್ಡ ನೀರು ತುಂಗಭದ್ರಾ ಡ್ಯಾಮಿನದು. ಕಾಲೇಜಿನ ಪ್ರವಾಸದಲ್ಲಿ ಅದರ ದಂಡೆಗೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಇಷ್ಟ ಸಾಕು ಬಿಡ್ರಿ. ಉಳಿದದ್ದು ಅಂದಾಜು ಮಾಡ್ಕೋಬಹುದು," ಎಂದು ಬಸ್ಸಿಗೆ ಬಂದು ಕೂತಿದ್ದರು.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಊರು ಲಿಂಗಸುಗೂರು, ಸಿಂಧನೂರಿನಲ್ಲಿ ಬಾಡಿಗೆ ಮನೆ, ಮಾಸ್ತರರ ಮನೆಯ ಹಿಂದಿನ ಓಣಿ. ಕಾಲೇಜಿನಲ್ಲಿ ಉಳಿದವರೆಲ್ಲ 'ಸರ್' ಆಗಿದ್ದರೂ ಇವರೊಬ್ಬರು ಯಾಕೋ ಮೊದಲಿನಿಂದ ಮಾಸ್ತರು. ಸಣ್ಣ ಆಳು, ಬಿಳಿ ತುಂಬುತೋಳಿನ ಅಂಗಿ, ಕೊರಳಲ್ಲಿ ಬೂಟಿನ ಲೇಸಿಗೆ ಕಟ್ಟಿದ ಭೂತಗನ್ನಡಿ. ಎಲೆ ಕೈಗೆ ಬಂದರೆ ಮೊದಲು ತಿರುವಿ ಬೆನ್ನು ನೋಡಬೇಕು, ಆಮೇಲೆ ಮುಖ. ಅದು ಅವರ ವಿದ್ಯೆಯ ನಿಯಮ. ಬರಬರುತ್ತ ನಿಯಮ ಎಲೆಗಳಾಚೆಗೂ ಹಬ್ಬಿತು. ಲಗ್ನಪತ್ರಿಕೆ ಕೊಟ್ಟರೆ ಮೊದಲು ಹಿಂದೆ ತಿರುವುತ್ತಿದ್ದರು. ಪ್ರಿನ್ಸಿಪಾಲರ ಮೆಮೊವನ್ನು ಹಾಗೆಯೇ ತಿರುವಿ, ಬೆನ್ನಿನಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುಖ ಓದದೆ ಕಿಸೆಗೆ ಹಾಕಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಭೂಮಿಯ ಮೇಲಿನ ಗಿಡಗಳೆಲ್ಲ ಅವರಿಗೆ ಮೂರೇ ಪಂಗಡ. ಪಾಠದಲ್ಲಿ ಅವಕ್ಕೆ ದೊಡ್ಡ ಹೆಸರುಗಳಿದ್ದವು. ಬಾಯಿಮಾತಿನಲ್ಲಿ 'ಇದ್ದದ್ದು', 'ಅಲ್ಲಷ್ಟೇ ಇದ್ದದ್ದು', 'ಬಂದದ್ದು'. ಒಂದು ನೆಲದಲ್ಲಿ ತಾನಾಗಿ ಬೆಳೆದು ಬೇರೆ ಕಡೆಯೂ ಕಾಣಿಸುವುದು ಮೊದಲನೆಯದು. ಆ ನೆಲ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಸಿಗದಿರುವುದು ಎರಡನೆಯದು. ಮಾಸ್ತರರ ಜೀವ ಇದ್ದದ್ದು ಇದರ ಮೇಲೆ. ಮನುಷ್ಯರು ತಂದು ಬಿಟ್ಟದ್ದು ಮೂರನೆಯದು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರ ಜೊತೆ ಒಗ್ಗರಣಿ-ಮಿರ್ಚಿ ತಿನ್ನಲು ಕೂಡುವುದು ಕಷ್ಟದ ಕೆಲಸ. ಮೆಣಸಿನಕಾಯಿ ಬಂದದ್ದು, ಶೇಂಗಾ ಬಂದದ್ದು, ಟೊಮ್ಯಾಟೊ ಬಂದದ್ದು ಎಂದು ಒಂದೊಂದನ್ನೇ ಸಮುದ್ರದಾಚೆಗೆ ವಾಪಸು ಕಳಿಸುತ್ತ ಹೋಗಿ, ನಮ್ಮದು ಅಂತ ಹೇಳಿಕೊಳ್ಳಲು ಕೊನೆಗೆ ತಟ್ಟೆಯೊಂದು ಉಳಿಯುತ್ತಿತ್ತು. ನನ್ನನ್ನೂ ಅವರು ಪಟ್ಟಿಯಲ್ಲಿ ಸೇರಿಸಿದ್ದರು. ಷರಾ ಹೀಗಿತ್ತು: "ಹರಡಿಕಿ ಕಡಿಮಿ. ಲಿಂಗಸುಗೂರಿಂದ ಸಿಂಧನೂರು ಮಟ, ಬಸ್ಸಿನ ದಾರಿಗುಂಟ."

ಭತ್ತದ ಗದ್ದೆಗಳ ನಡುವೆ ಕೂತು ದ್ವೀಪದ ಗಿಡಗಳ ಹುಚ್ಚು ಯಾಕೆ ಹಿಡಿಸಿಕೊಂಡಿರಿ ಎಂದು ಒಮ್ಮೆ ಕೇಳಿದೆ. ದ್ವೀಪದ ಮೇಲೆ ಹಿಸಾಬು ಚೊಕ್ಕ ಇರುತ್ತದೆ ಎಂದರು. ಸುತ್ತ ನೀರು, ಯಾವುದು ಮೊದಲಿತ್ತು, ಯಾವುದು ಆಮೇಲೆ ಬಂತು ಎಂದು ವಿಂಗಡಿಸಬಹುದು. ಇಲ್ಲಿ ಅದು ಸಾಧ್ಯವಿಲ್ಲ. "ಇಲ್ಲಿ ದಿನಾ ಬಸ್ಸು ಬರ್ತಾವಲ್ರೀ," ಎಂದು ಬೇಸರಪಟ್ಟುಕೊಂಡರು.

ಇಂಥ ಮಾಸ್ತರರಿಗೆ ಒಂದೇ ಒಂದು ಆಸೆ ಇತ್ತು. ಹೊಸ ಗಿಡವೊಂದನ್ನು ಮೊದಲು ಗುರುತಿಸಿ ಹೆಸರಿಟ್ಟರೆ, ಆ ಹೆಸರಿನ ಬೆನ್ನಿಗೆ ಹೆಸರಿಟ್ಟವರ ಹೆಸರೂ ಅಂಟಿಕೊಳ್ಳುತ್ತದೆ. ಗ್ರಂಥಗಳಿರುವವರೆಗೆ ಯಾರೂ ಅದನ್ನು ಬಿಡಿಸುವಂತಿಲ್ಲ. ಅಷ್ಟು ವರ್ಷ ಪಾಠ ಹೇಳಿದ ಮಾಸ್ತರರ ಹೆಸರು ಅದುವರೆಗೆ ಅಚ್ಚಾಗಿದ್ದದ್ದು ಮತದಾರರ ಪಟ್ಟಿಯಲ್ಲಿ, ಅದೂ ವಯಸ್ಸು ತಪ್ಪಾಗಿ. ನಿವೃತ್ತಿಗೆ ಮೊದಲು ಒಂದು ಗಿಡ, ಒಂದೇ ಒಂದು, ಎಂದು ಅವರು ಹೇಳುತ್ತಿದ್ದದ್ದು ನನ್ನ ಮುಂದೆ ಮಾತ್ರ.

ಪಾರ್ಸಲ್ಲುಗಳ ಕಥೆ ಎಂಬತ್ತರ ದಶಕದ ಕೊನೆಯಲ್ಲಿ ಶುರುವಾಯಿತು. ಸಿಂಧನೂರಿನ ಹೊರಗೆ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ. ಅಲ್ಲಿಂದ ಬಂದು ಮಾಸ್ತರರ ಹತ್ತಿರ ಓದಿದವನೊಬ್ಬ, ಅಂಡಮಾನಿನಲ್ಲಿದ್ದ ಸೋದರಮಾವನ ಕಡೆಗೆ ಹೋಗಿ, ಅಲ್ಲಿಯೇ ಶಾಲಾ ಮಾಸ್ತರನಾಗಿ ನೆಲೆಸಿದ್ದ. ಅವನು ಬರೆದ ಪತ್ರವನ್ನು ಮಾಸ್ತರರು ನನಗೆ ಓದಿ ತೋರಿಸಿದರು. ಇಲ್ಲಿ ಗಿಡಗಳಿಗೆ ಲೆಕ್ಕವಿಲ್ಲ, ಆದರೆ ಯಾವುದೂ ಒಣಗುವುದಿಲ್ಲ, ಕಾಗದದಲ್ಲಿ ಒತ್ತಿಟ್ಟರೆ ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ ಎಂದು ಅವನು ದುಃಖ ತೋಡಿಕೊಂಡಿದ್ದ. ಮಾಸ್ತರರು ಕಾರ್ಡಿನಲ್ಲಿ ಒಂದೇ ಸಾಲು ಉತ್ತರ ಬರೆದರು: "ನಮ್ಮಲ್ಲಿ ಗಿಡ ಇಲ್ಲ, ಒಣಗಿಸೂದು ಐತಿ. ಕಳಸು."

ಇದಕ್ಕಿಂತ ನ್ಯಾಯವಾದ ಒಪ್ಪಂದವನ್ನು ನಾನು ಕಂಡಿಲ್ಲ. ಸಿಂಧನೂರಿನ ಏಪ್ರಿಲ್ ಬಿಸಿಲಿಗೆ ಎಲೆ ಏನು, ಅರ್ಧ ತಾಸು ಹೊರಗೆ ನಿಂತರೆ ಮನುಷ್ಯನೂ ಒಣಗಿ ಹಾಳೆಗೆ ಅಂಟಿಸಲು ತಯಾರಾಗುತ್ತಾನೆ. ತೊಡಕೆಂದರೆ ದಾರಿ. ಹಡಗು, ರೈಲು, ರಾಯಚೂರಿನಿಂದ ಬಸ್ಸು, ಎಲ್ಲ ಸೇರಿ ತಿಂಗಳ ಮಾತು. ಅಷ್ಟರಲ್ಲಿ ಎಲೆ ಕೊಳೆಯಬಾರದೆಂದು ಅವನು ಹಳೆಯ ಪತ್ರಿಕೆಗಳಲ್ಲಿ ಗಿಡ ಸುತ್ತಿ, ಪಾಲಿಥೀನ್ ಚೀಲಕ್ಕೆ ತುರುಕಿ, ಮೇಲೆ ಸ್ಪಿರಿಟ್ಟು ಸುರಿದು ಬಾಯಿ ಕಟ್ಟುತ್ತಿದ್ದ. ಸಸ್ಯಶಾಸ್ತ್ರದಲ್ಲಿ ಇದು ಮಾನ್ಯವಾದ ಕ್ರಮವಂತೆ. ಅಂಚೆ ಇಲಾಖೆಗೆ ಅದನ್ನು ತಿಳಿಸಿದವರಿರಲಿಲ್ಲ.

ಮೊದಲ ಪಾರ್ಸಲ್ಲಿಗೇ ಪೋಸ್ಟ್ ಮಾಸ್ತರು ನಮ್ಮ ಮಾಸ್ತರರನ್ನು ಕಚೇರಿಗೆ ಕರೆಸಿ ಎಲ್ಲರೆದುರು ಬಿಚ್ಚಲು ಹೇಳಿದರು. ಚಹಾಕ್ಕೆ ಎರಡು ಚಮಚ ಸಕ್ಕರೆಗಿಂತ ದೊಡ್ಡ ವ್ಯಸನ ಅರಿಯದ ಆ ಮನುಷ್ಯ ತಲೆ ತಗ್ಗಿಸಿಕೊಂಡು ಹುರಿ ಬಿಚ್ಚಿದರು. ಹೆಂಡದಂಗಡಿಯ ಬಾಗಿಲು ತೆರೆದ ಹಾಗಾಯಿತು. ಸ್ಟಾಂಪು ಕೊಳ್ಳಲು ಬಂದಿದ್ದವರು ಸ್ಟಾಂಪು ಮರೆತರು. ಪೋಸ್ಟ್ ಮಾಸ್ತರು ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿ, ಕೊನೆಯದನ್ನೂ ನೋಡಿ, ತುಸು ನಿರಾಸೆಯಿಂದ, "ಇದರಾಗ ಎಲಿ ತಪ್ಪಲ ಬಿಟ್ರ ಏನೂ ಇಲ್ಲಲ್ರೀ," ಎಂದರು.

"ಏನೂ ಇಲ್ಲಂದ್ರ ಹೆಂಗ್ರೀ? ಇಪ್ಪತ್ತೆಂಟು ಜಾತಿ ಅದಾವ," ಎಂದು ಮಾಸ್ತರರು ಮೊದಲ ಸಲ ತಲೆ ಎತ್ತಿದರು.

ಮಾಸ್ತರರಿಗೆ ಅಂಡಮಾನಿನಿಂದ 'ಮಾಲು' ಬರುತ್ತದೆಂಬ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಸ್ಟಾಫ್ ರೂಮಿನಲ್ಲಿ ಇತಿಹಾಸದವರು, ಒಂದು ಹಾಳೆಯನ್ನು ತಮ್ಮ ಮನೆಯಲ್ಲಿ ಒಣಗಿಸಿಕೊಡಲು ಮುಂದೆ ಬಂದರು. ಈ ಸುದ್ದಿಯನ್ನು ತಡೆಯಲು ನಾನು ಕೈಲಾದ ಪ್ರಯತ್ನ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮೊದಮೊದಲು ಹಾಳೆಗಳು ಒಣಗುತ್ತಿದ್ದದ್ದು ಮನೆಯ ಮಾಳಿಗೆಯ ಮೇಲೆ, ಕಲ್ಲು ಹೇರಿಕೊಂಡು. ಒಂದು ಮಧ್ಯಾಹ್ನ ಸುಳಿಗಾಳಿ ಎದ್ದು ಇಪ್ಪತ್ತು ಹಾಳೆ ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿದ್ದವು. ಹಪ್ಪಳಕ್ಕೆ ಸ್ಪಿರಿಟ್ಟಿನ ವಾಸನೆ, ಹಾಳೆಗೆ ಜೀರಿಗೆಯ ವಾಸನೆ. ಮಾಸ್ತರರ ಮನೆಯವರು ಇದೇ ಕೊನೆ ಎಂದರು. ಆಗ ನೆರವಿಗೆ ಬಂದವರು ಒಬ್ಬ ಅಕ್ಕಿ ಗಿರಣಿಯ ಮಾಲೀಕರು, ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ನಿಂತವರು. ಗಿರಣಿಯ ಸಿಮೆಂಟಿನ ಅಂಗಳದ ಒಂದು ಮೂಲೆ ಬಿಟ್ಟುಕೊಟ್ಟರು. ಬದಲಿಗೆ, ತಾವು ಮೂರರಲ್ಲಿ ಯಾವ ಪಂಗಡ ಎಂದು ತಿಳಿಯಬಯಸಿದರು. ಮಾಸ್ತರರು ಭೂತಗನ್ನಡಿ ಎತ್ತಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಬಂದದ್ದು ಖರೆ. ಆದ್ರ ಬೇರು ಹಿಡದೈತಿ. ಇನ್ನ ಕಿತ್ತರ ಬರೂದಿಲ್ಲ," ಎಂದು ತೀರ್ಪು ಕೊಟ್ಟರು. ಗಿರಣಿಯವರು ಅದನ್ನು ಸನ್ಮಾನಪತ್ರದಂತೆ ಸ್ವೀಕರಿಸಿದರು.

ಆ ಮೂಲೆಯಲ್ಲಿ ರೈತರು ಬಿತ್ತನೆಗೆ ತೆಗೆದಿಟ್ಟ ಭತ್ತವೂ ಒಣಗುತ್ತಿತ್ತು. ಅದನ್ನು ಕಾಲಲ್ಲಿ ಎಳೆದು ಹರವಿ, ಮೊರದಲ್ಲಿ ಹಸನು ಮಾಡಿ, ಕಳೆಯ ಬೀಜ ಆರಿಸುವ ಕೆಲಸಕ್ಕೆ ಸಾಲಗುಂದದಿಂದ ಒಬ್ಬ ಹಿರಿಯ ಹೆಣ್ಣುಮಗಳು ಬರುತ್ತಿದ್ದಳು. ಮಾಸ್ತರರು ಆಕೆಯನ್ನು ಅಕ್ಕಾ ಎನ್ನುತ್ತಿದ್ದರು. ಭತ್ತ ತಿರುವಿದ ಹಾಗೆಯೇ ಆಕೆ ಅವರ ಹಾಳೆಗಳನ್ನೂ ಹೊತ್ತು ಹೊತ್ತಿಗೆ ತಿರುವಿ ಹಾಕುತ್ತಿದ್ದಳು. ಕಾಲೇಜಿನ ಯಾವ ವಿದ್ಯಾರ್ಥಿಯ ಕೈಯೂ ಇಷ್ಟು ಹದವಿಲ್ಲ ಎಂದು ಮಾಸ್ತರರು ಆಕೆಯನ್ನು ಹೊಗಳಿದರೆ, ನಿಮ್ಮ ತಪ್ಪಲ ಯಾವ ಪಲ್ಯಕ್ಕೂ ಬರುವುದಿಲ್ಲವಲ್ಲ ಎಂದು ಆಕೆ ಮರುಗುತ್ತಿದ್ದಳು.

ಹೀಗೆ ಐದಾರು ವರ್ಷ. ಬೇಸಿಗೆ ರಜೆಯಲ್ಲಿ ಮಾಸ್ತರರು ಹೈದರಾಬಾದಿಗೆ ಹೋಗಿ, ಅಲ್ಲಿನ ಗ್ರಂಥಾಲಯದಲ್ಲಿ ಕೂತು, ಹಳೆಯ ಸಸ್ಯಗ್ರಂಥಗಳ ವರ್ಣನೆಗಳನ್ನು ನೂರು ಪುಟದ ನೋಟ್ ಬುಕ್ಕುಗಳಿಗೆ ಇಳಿಸಿಕೊಂಡು ಬರುವರು. ಮಳೆಗಾಲದಲ್ಲಿ ಎಲೆಗಳನ್ನು ಅವಕ್ಕೆ ತಾಳೆ ಹಾಕುವರು. ಯಾವ ಗಿಡ ಯಾವ ದ್ವೀಪದಲ್ಲಿದೆ, ಯಾವುದರಲ್ಲಿಲ್ಲ ಎಂಬುದಕ್ಕೆ ಒಂದು ದೊಡ್ಡ ಪಟ್ಟಿ. ಲಿಂಗಸುಗೂರಿನ ಓಣಿಗಳು ನನಗೆ ಗೊತ್ತಿದ್ದದ್ದಕ್ಕಿಂತ ಆ ನಡುಗಡ್ಡೆಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು.

ನಿವೃತ್ತಿಗೆ ಎರಡು ವರ್ಷ ಇದ್ದಾಗ ಆ ಗಿಡ ಬಂತು. ದೋಣಿ ಅಪರೂಪಕ್ಕೆ ಹೋಗುವ ಒಂದು ಪುಟ್ಟ ನಡುಗಡ್ಡೆಯ ಬಳ್ಳಿ. ಎಲೆಯೂ ಹೂವೂ ಹಳೆಯ ಗ್ರಂಥದಲ್ಲಿದ್ದ ಇನ್ನೊಂದು ಬಳ್ಳಿಯ ಹಾಗೆಯೇ ಇದ್ದವು. ಆದರೆ ಒಣಗಿ ಬಾಯಿ ಬಿಟ್ಟ ಒಂದೇ ಒಂದು ಕಾಯಿಯ ಬಟ್ಟಲಿನಲ್ಲಿ ಎರಡು ಬೀಜ ಇದ್ದವು: ಕಪ್ಪು, ಮೂರು ಮೂಲೆ, ಬೆನ್ನು ಉಬ್ಬಿದ್ದು. ಆ ಇಡೀ ಕುಲದಲ್ಲಿ ಇಂಥ ಬೀಜ ಯಾವುದಕ್ಕೂ ಇರಲಿಲ್ಲ. ಆರು ತಿಂಗಳು ಮಾಸ್ತರರು ನೋಟ್ ಬುಕ್ಕುಗಳನ್ನೆಲ್ಲ ಮಗುಚಿದರು. ಕೊನೆಗೊಂದು ದಿನ ನನ್ನ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಗಿಡ ಹೊಸದು ಎಂದರು. ಹೊಸತನವೆಲ್ಲ ಆ ಬೀಜದ ಮೇಲೆ ನಿಂತಿತ್ತು.

ಹೊಸ ಗಿಡದ ವರ್ಣನೆಯನ್ನು ಆಗ ಲ್ಯಾಟಿನ್ನಿನಲ್ಲಿ ಬರೆಯಬೇಕಿತ್ತು. ಮಾಸ್ತರರು ಪುಸ್ತಕ ನೋಡಿ ಎರಡು ಪ್ಯಾರಾ ಹೊಂದಿಸಿದರು, ತಿದ್ದುವವರು ಬೇಕಲ್ಲ? ಇಬ್ಬರೂ ಬಸ್ಸು ಹತ್ತಿ ಲಿಂಗಸುಗೂರು ದಾಟಿ ಮುದಗಲ್ಲಿಗೆ ಹೋಗಿ ವಯಸ್ಸಾದ ಫಾದರ್ ಒಬ್ಬರನ್ನು ಹಿಡಿದೆವು. ಲ್ಯಾಟಿನ್ ಕೇಳಿಕೊಂಡು ಬಂದವರನ್ನು ಕಂಡು ಅವರು ಸಂತೋಷದಿಂದ ಕನ್ನಡಕ ಹುಡುಕಿದರು. ಓದುತ್ತ ಓದುತ್ತ ಹುಬ್ಬೇರಿಸಿದರು. ಎಲೆಯ ಕೂದಲಿನ ಬಗ್ಗೆ ಆ ಭಾಷೆಯಲ್ಲಿ ಇಷ್ಟು ಹೇಳಬಹುದೆಂದು ಅವರಿಗೂ ತಿಳಿದಿರಲಿಲ್ಲವಂತೆ. ವಾಪಸು ಬರುವಾಗ ಮಾಸ್ತರರು ಟಿಕೆಟ್ಟಿನ ಬೆನ್ನ ಮೇಲೆ ತಮ್ಮ ಹೆಸರನ್ನು ಗ್ರಂಥಗಳ ಪದ್ಧತಿಯಂತೆ ಮೊಟಕು ಮಾಡಿ ನೋಡುತ್ತಿದ್ದರು. ಮೂರು ಅಕ್ಷರಕ್ಕೆ ನಿಲ್ಲಿಸಿದರೆ ಬೇರೆ ಯಾರೋ ವಿಜ್ಞಾನಿ ಆಗುತ್ತಿದ್ದರು. ನಾಲ್ಕಕ್ಕೆ ನಿಲ್ಲಿಸಿದರೆ ಬೈಗುಳ ಆಗುತ್ತಿತ್ತು. ಐದಕ್ಕೆ ಒಪ್ಪಿಕೊಂಡೆವು.

ಲೇಖನ ಸ್ವೀಕಾರವಾಗಿದೆ, ಮುಂದಿನ ಸಂಚಿಕೆಯಲ್ಲಿ ಬರುತ್ತದೆ ಎಂದು ಸಸ್ಯಶಾಸ್ತ್ರದ ಪತ್ರಿಕೆಯಿಂದ ಉತ್ತರ ಬಂತು. ಮಾಸ್ತರರು ಪತ್ರವನ್ನು ಮೊದಲು ತಿರುವಿ ಬೆನ್ನು ನೋಡಿದರು. ಆಮೇಲೆ ಪೇಢೆ ಕೊಂಡು ನನ್ನನ್ನೂ ಕರೆದುಕೊಂಡು ಗಿರಣಿಗೆ ನಡೆದರು. ಅಕ್ಕನಿಗೆ ಪೇಢೆ ಕೊಟ್ಟು, ಯಾತಕ್ಕೆಂದು ಆಕೆಗೆ ತಿಳಿಯಲಿ ಎಂದು, ಕಿಸೆಯಿಂದ ಔಷಧದ ಸಣ್ಣ ಡಬ್ಬಿ ತೆಗೆದು ಆ ಎರಡು ಬೀಜಗಳನ್ನು ಅಂಗೈ ಮೇಲಿಟ್ಟು ತೋರಿಸಿದರು. ನೋಡಲು ಭೂತಗನ್ನಡಿಯನ್ನೂ ಕೊಡಹೋದರು. ಆಕೆಗೆ ಅದು ಬೇಕಾಗಲಿಲ್ಲ.

"ಇದನ್ಯಾಕ ಡಬ್ಬ್ಯಾಗ ಇಟ್ಟೀರಿ?"

"ಆ ನಡುಗಡ್ಡಿ ಬಿಟ್ರ ಇದು ಜಗತ್ತಿನ್ಯಾಗ ಎಲ್ಲೂ ಇಲ್ಲಕ್ಕಾ."

"ಇದಾ?" ಆಕೆ ಪೇಢೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಇದು ಬದುವಿನ ಬಳ್ಳಿ ಬೀಜ ಅಲ್ಲೇನ್ರೀ? ಭತ್ತದಾಗಿಂದ ಇವನ್ನ ಆರಿಸಿ ಆರಿಸಿ ನನ್ನ ಕಣ್ಣ ಹೋಗ್ಯಾವ."

ಬಗ್ಗಿ, ಮೊರದ ಅಂಚಿನಲ್ಲಿ ಗುಡ್ಡೆ ಹಾಕಿದ್ದ ಕಸದಿಂದ ನಾಲ್ಕು ಬೀಜ ಹೆಕ್ಕಿ ಅವರ ಅಂಗೈಯಲ್ಲಿ ಪಕ್ಕಕ್ಕೆ ಇಟ್ಟಳು. ಕಪ್ಪು, ಮೂರು ಮೂಲೆ. ಮಾಸ್ತರರು ಆರನ್ನೂ ತಿರುವಿದರು. ಆರರ ಬೆನ್ನೂ ಉಬ್ಬಿತ್ತು. ಒಣಗಲು ಹಾಕಿದ ಹಾಳೆಯ ಮೇಲೆ, ಬಾಯಿ ಬಿಟ್ಟಿದ್ದ ಖಾಲಿ ಕಾಯಿಯ ಬಟ್ಟಲಿಗೆ, ಮೊರದಿಂದ ಸಿಡಿದ ಎರಡು ಬೀಜ ಬಂದು ಕೂತಿದ್ದವು, ಅಷ್ಟೇ.

"ನೀ ಹೇಳೂದು ಖಾತ್ರಿ ಏನಕ್ಕಾ?" ಎಂದು ಮಾಸ್ತರರು ಕೇಳಿದರು.

"ನನ್ನ ಮಾತ ಯಾಕ್ರೀ? ಹಾಕಿ ನೋಡ್ರಿ, ಅದ ಹೇಳತೈತಿ."

ಡಬ್ಬಿಯ ಬೀಜಗಳಲ್ಲೊಂದನ್ನು ಡಾಲ್ಡಾ ಡಬ್ಬಿಯ ಮಣ್ಣಿನಲ್ಲಿ ಊರಿ ನೀರು ಹಾಕಿದರು. ಆ ವಾರ ನಾನು ಎರಡು ಹೊತ್ತೂ ಹೋಗಿ ನೋಡುತ್ತಿದ್ದೆ. ಯಾವ ಮೊಳಕೆಯೂ ಬಾರದಿರಲಿ ಎಂದು ನಾನು ಹಾರೈಸಿದ್ದು ಅದೊಂದೇ ಸಲ. ಎಂಟನೆಯ ದಿನ ಬಂತು. ಹದಿನೈದನೆಯ ದಿನ ನಾಲ್ಕು ಎಲೆ ಬಿಟ್ಟು ಕೋಲು ಹುಡುಕತೊಡಗಿತು. ಕಾಲುವೆಯ ಯಾವ ಬದುವಿನ ಮೇಲಾದರೂ ಕಾಣುವ ಬಳ್ಳಿ.

ಅವತ್ತು ನಾನು ಅವರಿಗೆ ಕೊಟ್ಟ ಸಲಹೆಯನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. "ಮಾಸ್ತರ್ರ, ಇದು ಗೊತ್ತಿರೂದು ಮೂರ ಮಂದಿಗೆ. ನಿಮಗ, ನನಗ, ಆ ಅಕ್ಕಗ. ಆಕಿ ಏನ ಆ ಪತ್ರಿಕಿ ತರಸ್ತಾಳೇನು? ಸುಮ್ಮನಿರ್ರಿ," ಎಂದೆ. ಗಿಡ ಹೇಗೂ ಹೊಸದೇ ಇರಬಹುದು, ಖರೆ ಬೀಜ ಸಿಕ್ಕಾಗ ತಿದ್ದಿದರಾಯಿತು ಎಂದೂ ಸೇರಿಸಿದೆ.

ಮಾಸ್ತರರು ಡಾಲ್ಡಾ ಡಬ್ಬಿಯನ್ನೇ ನೋಡುತ್ತ, "ಆಕಿಗೆ ಗೊತ್ತೈತಲ್ರೀ," ಎಂದರು. ಅದಕ್ಕೆ ನೀರು ಹಾಕುತ್ತ, "ನಾಳಿ ಮತ್ತ ಹಾಳಿ ಒಣಗಸಾಕ ಅಲ್ಲೇ ಹೋಗಬೇಕು. ಆಕಿ ಮುಂದ ಹೆಂಗ ನಿಂದರ್‍ಲಿ?" ಎಂದರು.

ಮಾರನೆಯ ದಿನ ಪೋಸ್ಟಾಫೀಸಿಗೆ ಹೋಗಿ ತಂತಿ ಕೊಟ್ಟರು. ಅದರ ಸಾರಾಂಶ: "ಬೀಜ ದ್ವೀಪದ್ದಲ್ಲ. ಸಿಂಧನೂರಿನದು. ಅಚ್ಚು ನಿಲ್ಲಿಸಿ." ತಂತಿ ತೆಗೆದುಕೊಂಡವರು ಎರಡು ಸಲ ಓದಿ, ನಡುವಿನ ಮಾತು ತೆಗೆದರೂ ಅರ್ಥ ಆಗುತ್ತದೆ, ಖರ್ಚು ಉಳಿಯುತ್ತದೆ ಎಂದು ಸೂಚಿಸಿದರು. ಮಾಸ್ತರರು ಒಪ್ಪಲಿಲ್ಲ. ಎಲ್ಲಿಯದಲ್ಲ ಎಂದು ಹೇಳಿದ ಮೇಲೆ ಎಲ್ಲಿಯದು ಎಂದೂ ಹೇಳಬೇಕಾಗುತ್ತದೆ ಎಂದು ಅವರಿಗೆ ವಿವರಿಸಿದರು. ಹಿಂದೆ ಸಾಲಿನಲ್ಲಿದ್ದವರು ಕಾಯ್ದರು.

ಅಂಡಮಾನಿಗೆ ಬರೆದ ಪತ್ರಕ್ಕೆ ತಂತಿಗಿಂತ ಹೆಚ್ಚು ದಿನ ಹಿಡಿಯಿತು. ಆ ವಿದ್ಯಾರ್ಥಿ ಬೇಜಾರು ಮಾಡಿಕೊಳ್ಳದೆ, ಮತ್ತೆ ಕಾಯಿ ಬಿಟ್ಟಾಗ ಹೋಗಿ ತರುತ್ತೇನೆ ಎಂದು ಉತ್ತರ ಬರೆದ. ಒಂದು ವರ್ಷ ದೋಣಿ ಸಿಗಲಿಲ್ಲ. ಇನ್ನೊಂದು ವರ್ಷ ದೋಣಿ ಸಿಕ್ಕು ಕಾಯಿ ಸಿಗಲಿಲ್ಲ. ಈ ನಡುವೆ ಮಾಸ್ತರರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎಲ್ಲರಿಗೂ ಕೊಡುವಂತೆ ಅವರಿಗೂ ಗೋಡೆ ಗಡಿಯಾರ ಕೊಟ್ಟೆವು. ಅದನ್ನೂ ತಿರುವಿ ನೋಡಿದರು. ನೋಟ್ ಬುಕ್ಕುಗಳನ್ನೂ ಹಾಳೆಗಳನ್ನೂ ಭತ್ತದ ಚೀಲಗಳಲ್ಲಿ ತುಂಬಿಕೊಂಡು ಮಸ್ಕಿಯ ಮನೆಗೆ ಹೋದರು. ತಿಂಗಳಿಗೊಮ್ಮೆ ನಾನು ಹೋಗಿ ಕೂತು ಬರುತ್ತಿದ್ದೆ. ಮಸ್ಕಿಯೂ ಅದೇ ಬಸ್ಸಿನ ದಾರಿಯಲ್ಲಿದ್ದದ್ದರಿಂದ ಪಟ್ಟಿಯಲ್ಲಿ ನನ್ನ ಹರಡಿಕೆಯನ್ನು ಅವರು ತಿದ್ದಬೇಕಾಗಲಿಲ್ಲ.

ಮೂರನೆಯ ವರ್ಷ ಮಸ್ಕಿಗೆ ಪಾರ್ಸಲ್ಲು ಬಂತು. ಈ ಸಲ ಮುಚ್ಚಿದ ಕಾಯಿಗಳೇ ಹನ್ನೊಂದಿದ್ದವು. ಒಡೆದು ನೋಡಿದರೆ ಒಳಗೆ ದುಂಡನೆಯ ಕಂದು ಬೀಜ, ಯಾವ ವಿಶೇಷವೂ ಇಲ್ಲದ್ದು. ಮಾಸ್ತರರು ನೋಟ್ ಬುಕ್ಕಿನಿಂದ ಹಳೆಯ ಗ್ರಂಥದ ಆ ಇನ್ನೊಂದು ಬಳ್ಳಿಯ ವರ್ಣನೆ ಓದಿದರು, ನಾನು ಬೀಜ ಹಿಡಿದುಕೊಂಡು ಕೂತಿದ್ದೆ. ಸಾಲು ಸಾಲಾಗಿ ತಾಳೆಯಾಯಿತು. ನಿಕೋಬಾರಿನ ಕಡೆಯ ಒಂದು ದ್ವೀಪದಿಂದ ಯಾರೋ ಬಹಳ ಹಿಂದೆಯೇ ತಂದು ಹೆಸರಿಟ್ಟು ಮುಗಿಸಿದ್ದ ಗಿಡ ಅದು. ಆದರೆ ಈ ನಡುಗಡ್ಡೆಯಲ್ಲೂ ಅದು ಇದೆಯೆಂದು ಯಾರೂ ಬರೆದಿರಲಿಲ್ಲ. ಮಾಸ್ತರರು ಅವತ್ತೇ ನಾಲ್ಕು ಸಾಲಿನ ಟಿಪ್ಪಣಿ ಬರೆದರು. ಕೆಳಗೆ ಯಾರ ಹೆಸರು ಹಾಕುತ್ತೀರಿ ಎಂದು ಕೇಳಿದೆ.

"ದೋಣ್ಯಾಗ ಹೋಗಿ ತಂದಾಂವ ಅಂವಾ. ನಾ ಎಲ್ಲಿ ಹೋಗೀನಿ?" ಎಂದರು.

ಟಿಪ್ಪಣಿ ಮುಂದಿನ ವರ್ಷ ಆ ವಿದ್ಯಾರ್ಥಿಯ ಹೆಸರಿನಲ್ಲಿ ಅಚ್ಚಾಯಿತು. ಆ ಗಿಡ ಬೆಳೆಯುವ ದ್ವೀಪಗಳ ಸಂಖ್ಯೆ ಎರಡಕ್ಕೆ ಏರಿತು.